ಬೋಸ್ಟನ್ ಟೀ ಪಾರ್ಟಿ: ಚಹಾ ಅಗ್ಗವಾಗಿದ್ದರೂ ಸಮುದ್ರಕ್ಕೆ ಸುರಿದದ್ದು ಯಾಕೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಶಾಲೆಯಲ್ಲಿ ನಾವೆಲ್ಲ ಈ ವಿಷಯ ಓದಿದ್ದು ಒಂದೇ ಸಾಲಿನಲ್ಲಿ. ಬ್ರಿಟಿಷರು ತಮ್ಮ ಅಮೆರಿಕದ ವಸಾಹತುಗಳಲ್ಲಿ ಚಹಾದ ಮೇಲೆ ತೆರಿಗೆ ಹಾಕಿದರು, ಬೋಸ್ಟನ್ ಜನ ಸಿಟ್ಟಿಗೆದ್ದು ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು, ಅಷ್ಟೇ. ಈಗ ಸ್ವಲ್ಪ ಜಾಸ್ತಿ ಓದುತ್ತಾ ಹೋದರೆ ಆ ಸಾಲು ನಿಲ್ಲುವುದಿಲ್ಲ. 1773ರ ಚಹಾ ಕಾಯ್ದೆ ಹೊಸ ತೆರಿಗೆ ಹಾಕಲೇ ಇಲ್ಲ. ಒಂದು ಪೌಂಡ್ ತೂಕದ ಚಹಾಕ್ಕೆ 3 ಪೆನ್ಸ್ ಸುಂಕ 1767ರಿಂದಲೇ ಇತ್ತು. ಹೊಸ ಕಾಯ್ದೆಯಿಂದ ಚಹಾದ ಬೆಲೆ ಇಳಿಯುವುದಿತ್ತು. ಹಾಗಿದ್ದರೆ ಅಷ್ಟು ಜನ ಬೀದಿಗೆ ಇಳಿದದ್ದು ಯಾಕೆ? ಕಳ್ಳಸಾಗಣೆ ಮಾಡುತ್ತಿದ್ದ ವ್ಯಾಪಾರಿಗಳ ಆಟ ಇದು ಎಂದು ಕೆಲವರು ಬರೆಯುತ್ತಾರೆ. ತಿಳಿದವರು ಬಿಡಿಸಿ ಹೇಳಿ.

ಬಯಲುಸೀಮೆ:
ನನ್ನ ಮಟ್ಟಿಗೆ ಆ ಕೆಲವರು ಹೇಳುವುದೇ ಸರಿ. ಆಗ ಅಮೆರಿಕದ ವಸಾಹತುಗಳಲ್ಲಿ ಕುಡಿಯುತ್ತಿದ್ದ ಚಹಾದಲ್ಲಿ ದೊಡ್ಡ ಪಾಲು ಡಚ್ಚರಿಂದ ಕೊಂಡು ಕಳ್ಳದಾರಿಯಲ್ಲಿ ತಂದದ್ದು. ಸುಂಕ ಕಟ್ಟದೆ ತಂದು ಮಾರುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಚಹಾ ಅಗ್ಗವಾಗಿ ಬಂದರೆ ಇವರ ವ್ಯಾಪಾರ ಮುಳುಗುತ್ತಿತ್ತು. ಅದಕ್ಕೆ ಜನರನ್ನು ಮುಂದೆ ಬಿಟ್ಟರು. ಸ್ವಾತಂತ್ರ್ಯ, ಹಕ್ಕು ಅನ್ನುವ ದೊಡ್ಡ ಮಾತು ಆಮೇಲೆ ಸೇರಿಕೊಂಡಿತು.

ಲೆಕ್ಕಪತ್ರ:
ಬಯಲುಸೀಮೆಯವರೇ, ಕಳ್ಳಸಾಗಣೆ ಇದ್ದದ್ದು ನಿಜ. ಆದರೆ ಈ ಕಥೆಯನ್ನು ಬೋಸ್ಟನ್‌ನಿಂದ ಶುರುಮಾಡಿದರೆ ಅರ್ಧವೇ ಕಾಣಿಸುತ್ತದೆ. ಲಂಡನ್ನಿನ ಗೋದಾಮಿನಿಂದ ಶುರುಮಾಡಿ ನೋಡಿ.

1772ರ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿ ದಿವಾಳಿಯ ಅಂಚಿನಲ್ಲಿತ್ತು. 1765ರಲ್ಲಿ ಬಂಗಾಳದ ದಿವಾನಿ ಸಿಕ್ಕಾಗ, ಅಂದರೆ ಕಂದಾಯ ವಸೂಲಿಯ ಅಧಿಕಾರ ಸಿಕ್ಕಾಗ, ಇನ್ನು ಹಣದ ಹೊಳೆಯೇ ಹರಿಯುತ್ತದೆ ಎಂದು ಷೇರುದಾರರು ಕನಸು ಕಂಡರು. ಲಾಭಾಂಶ ಶೇಕಡಾ 12.5ರ ತನಕ ಹೋಯಿತು. ಅದರ ಜೊತೆಗೆ ಬ್ರಿಟಿಷ್ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ಪೌಂಡ್ ಕೊಡಬೇಕಿತ್ತು. ಆಮೇಲೆ 1769-70ರಲ್ಲಿ ಬಂಗಾಳಕ್ಕೆ ಭೀಕರ ಬರ ಬಂತು. ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಅಂಥ ಹೊತ್ತಿನಲ್ಲೂ ಕಂಪನಿ ಕಂದಾಯ ವಸೂಲಿ ನಿಲ್ಲಿಸಲಿಲ್ಲ. 1772ರಲ್ಲಿ ಲಂಡನ್ನಿನಲ್ಲೇ ಬ್ಯಾಂಕುಗಳು ಬಿದ್ದವು, ಸಾಲ ಹುಟ್ಟದಂತಾಯಿತು. ಆಗ ಕಂಪನಿಯ ಗೋದಾಮುಗಳಲ್ಲಿ ಮಾರಾಟವಾಗದೆ ಬಿದ್ದಿದ್ದ ಚಹಾ ಸುಮಾರು 1 ಕೋಟಿ 70 ಲಕ್ಷ ಪೌಂಡ್ ತೂಕದ್ದು. ನಮ್ಮ ಲೆಕ್ಕದಲ್ಲಿ 77 ಲಕ್ಷ ಕಿಲೋ.

ಪಾರ್ಲಿಮೆಂಟಿನಲ್ಲಿ ಕಂಪನಿಯ ಷೇರು ಇಟ್ಟುಕೊಂಡವರು ಸಾಕಷ್ಟು ಇದ್ದರು. ಕಂಪನಿ ಮುಳುಗಲು ಬಿಡುವ ಮಾತೇ ಇರಲಿಲ್ಲ. 1773ರಲ್ಲಿ ಅದಕ್ಕೆ 14 ಲಕ್ಷ ಪೌಂಡ್ ಸಾಲ ಕೊಟ್ಟರು. ಮೇ ತಿಂಗಳಲ್ಲಿ ಚಹಾ ಕಾಯ್ದೆ ಬಂತು. ಅದರ ಬೆನ್ನಿಗೇ, ನಾವು ಭಾರತದ ಇತಿಹಾಸದಲ್ಲಿ ಓದುವ ರೆಗ್ಯುಲೇಟಿಂಗ್ ಕಾಯ್ದೆಯೂ ಬಂತು. ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆದದ್ದು ಅದರಿಂದಲೇ. ಕಲ್ಕತ್ತೆಗೊಂದು, ಬೋಸ್ಟನ್‌ಗೊಂದು ಅಂತ ನಾವು ಬೇರೆ ಬೇರೆ ಅಧ್ಯಾಯದಲ್ಲಿ ಓದುವ ಎರಡೂ ಕಾಯ್ದೆಗಳು ಹುಟ್ಟಿದ್ದು ಒಂದೇ ಕಂಪನಿಯನ್ನು ಉಳಿಸಲು.

ಶ್ರೀರಂಗಪಟ್ಟಣದವ:
ಲೆಕ್ಕಪತ್ರ ಸರ್, ಇದಕ್ಕೆ ನಮ್ಮ ಕಡೆಯದೊಂದು ಸೇರಿಸುತ್ತೇನೆ. ಕಂಪನಿಯ ಷೇರಿಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1769ರಲ್ಲಿ. ಕೊಟ್ಟವನು ಹೈದರ್ ಅಲಿ. ಮೊದಲ ಮೈಸೂರು ಯುದ್ಧದಲ್ಲಿ ಅವನು ಮದ್ರಾಸಿನ ಬಾಗಿಲ ತನಕ ನುಗ್ಗಿದ. ಆ ವರ್ಷದ ಏಪ್ರಿಲ್‌ನಲ್ಲಿ ಅಲ್ಲೇ ಕೂತು ಒಪ್ಪಂದ ಬರೆಸಿಕೊಂಡ. ಯುದ್ಧದ ಸುದ್ದಿ ಮೇ ತಿಂಗಳಲ್ಲಿ ಲಂಡನ್ ತಲುಪಿತು. ಷೇರುಪೇಟೆಯಲ್ಲಿ ಕಂಪನಿಯ ಬೆಲೆ ಕುಸಿಯಿತು. ಚಹಾ ಗಲಾಟೆಗೆ ಹೈದರನೇ ಕಾರಣ ಎಂದು ನಾನು ಹೇಳುತ್ತಿಲ್ಲ. ಕಂಪನಿ ಸಾಲದ ಕೂಪಕ್ಕೆ ಜಾರಿದ ದಾರಿಯಲ್ಲಿ ಮೈಸೂರೂ ಒಂದು ಮೆಟ್ಟಿಲು. ಇದನ್ನು ನಮ್ಮ ಪಾಠಗಳಲ್ಲಿ ಯಾರೂ ಹೇಳುವುದಿಲ್ಲ ಎನ್ನುವುದು ನನ್ನ ಬೇಸರ.

ತುಂಗಾತೀರ:
ಅದ್ಭುತ ಸರ್, ಇದು ನನಗೆ ಹೊಸದು. ಹಾಗಾದರೆ ಸಮುದ್ರಕ್ಕೆ ಬಿದ್ದದ್ದು ಭಾರತದ ಚಹಾನಾ?

ಲೆಕ್ಕಪತ್ರ:
ಅಲ್ಲ. ಪೂರ್ತಿ ಚೀನಾದ್ದು. ಅಸ್ಸಾಮಿನಲ್ಲಿ ಕಂಪನಿ ಚಹಾ ಬೆಳೆಸಲು ಹೊರಟದ್ದು 1830ರ ದಶಕದಲ್ಲಿ. ಬೋಸ್ಟನ್‌ಗೆ ಬಂದದ್ದರಲ್ಲಿ ಬಹುಪಾಲು ಬೋಹಿ ಅನ್ನುವ ಕಪ್ಪು ಚಹಾ, ಸಾಮಾನ್ಯರು ಕುಡಿಯುವಂಥದ್ದು. ಸ್ವಲ್ಪ ಹೈಸನ್, ಸಿಂಗ್ಲೋ ಎಂಬ ಹಸಿರು ಚಹಾವೂ ಇತ್ತು.

ಹೈಸ್ಕೂಲ್ ಮೇಷ್ಟ್ರು:
ಈಗ ತುಂಗಾತೀರ ಕೇಳಿದ ಮೂಲ ಪ್ರಶ್ನೆಗೆ ಬರೋಣ. ಮಕ್ಕಳಿಗೆ ನಾನು ಇದನ್ನು ಎರಡು ಎಳೆಯಾಗಿ ಹೇಳುತ್ತೇನೆ.

ಮೊದಲು ಮಾರಾಟದ ಎಳೆ. ಅಲ್ಲಿಯವರೆಗೆ ಕಂಪನಿ ತನ್ನ ಚಹಾವನ್ನು ಲಂಡನ್ನಿನಲ್ಲೇ ಹರಾಜು ಹಾಕಬೇಕಿತ್ತು. ಅಲ್ಲಿನ ವ್ಯಾಪಾರಿಗಳು ಕೊಂಡು ಅಮೆರಿಕಕ್ಕೆ ಕಳಿಸುತ್ತಿದ್ದರು. ಅಲ್ಲಿ ಸಗಟು ವ್ಯಾಪಾರಿ, ಆಮೇಲೆ ಚಿಲ್ಲರೆ ಅಂಗಡಿ. 1773ರ ಕಾಯ್ದೆ ನಡುವಿನವರನ್ನೆಲ್ಲ ಕಿತ್ತುಹಾಕಿತು. ಕಂಪನಿ ನೇರವಾಗಿ ಹಡಗು ಕಳಿಸಬಹುದು, ತಾನೇ ಆರಿಸಿದ ಕೆಲವೇ ಏಜೆಂಟರಿಗೆ ಮಾಲು ಕೊಡಬಹುದು. ಇಂಗ್ಲೆಂಡಿನಲ್ಲಿ ಕಟ್ಟಿದ ಸುಂಕವೂ ವಾಪಸ್ ಸಿಗುತ್ತಿತ್ತು. ಬೋಸ್ಟನ್‌ನಲ್ಲಿ ಆ ಏಜೆಂಟರು ಯಾರು ಗೊತ್ತಾ? ಗವರ್ನರ್ ಥಾಮಸ್ ಹಚಿನ್ಸನ್‌ನ ಇಬ್ಬರು ಗಂಡುಮಕ್ಕಳು, ಜೊತೆಗೆ ರಿಚರ್ಡ್ ಕ್ಲಾರ್ಕ್‌ನಂಥ ಅವನ ಕಡೆಯವರು. ಊರಿನ ಎಲ್ಲ ಕಿರಾಣಿ ಅಂಗಡಿಗಳನ್ನು ಬಿಟ್ಟು ತಹಸೀಲ್ದಾರರ ಮಕ್ಕಳ ಅಂಗಡಿಯಲ್ಲೇ ಸಕ್ಕರೆ ಮಾರಬೇಕು ಎಂದು ಸರ್ಕಾರ ಹೇಳಿದರೆ ಹೇಗಿರುತ್ತದೆ, ಹಾಗಿತ್ತು ಇದು. ಇವತ್ತು ಚಹಾ, ನಾಳೆ ಬಟ್ಟೆ, ಮಸಾಲೆ, ಇನ್ನೇನೋ ಎಂಬ ಹೆದರಿಕೆ ವ್ಯಾಪಾರಿಗಳಿಗೆ ಹುಟ್ಟಿದ್ದು ಸಹಜ.

ಇನ್ನೊಂದು ಎಳೆ ಇದಕ್ಕಿಂತ ಮುಖ್ಯ. ಆ 3 ಪೆನ್ಸ್ ಎಲ್ಲಿಗೆ ಹೋಗುತ್ತಿತ್ತು ಎನ್ನುವುದು. ಗವರ್ನರನ ಸಂಬಳಕ್ಕೆ. ಮೊದಲು ಅವನಿಗೆ ಸಂಬಳ ಮಂಜೂರು ಮಾಡುತ್ತಿದ್ದದ್ದು ವಸಾಹತಿನ ಶಾಸನಸಭೆ, ಅಂದರೆ ಜನ ಆರಿಸಿ ಕಳಿಸಿದವರು. ಮಾತು ಕೇಳದಿದ್ದರೆ ಅವರು ಹಣ ತಡೆಹಿಡಿಯಬಹುದಿತ್ತು. 1772ರಲ್ಲಿ ಹಚಿನ್ಸನ್, ಇನ್ನು ನನ್ನ ಸಂಬಳ ರಾಜನ ಖಜಾನೆಯಿಂದಲೇ ಬರುತ್ತದೆ ಎಂದು ತಿಳಿಸಿದ. ನ್ಯಾಯಾಧೀಶರಿಗೂ ಅದೇ ಏರ್ಪಾಡು ಎಂಬ ಸುದ್ದಿ ಬಂತು. ಆ ಖಜಾನೆ ತುಂಬುತ್ತಿದ್ದದ್ದು ಅಮೆರಿಕದಲ್ಲಿ ವಸೂಲಾದ ಸುಂಕದಿಂದ, ಅದರಲ್ಲೂ ಚಹಾ ಸುಂಕದಿಂದ. ಅಗ್ಗದ ಚಹಾ ಜಾಸ್ತಿ ಮಾರಾಟವಾದಷ್ಟೂ ಗವರ್ನರ್ ಜನರ ಕೈಯಿಂದ ಜಾರುತ್ತಾ ಹೋಗುತ್ತಾನೆ. ಜನ ತಮ್ಮ ದುಡ್ಡನ್ನೇ ಕೊಟ್ಟು ತಮ್ಮ ಹಿಡಿತ ಕಳೆದುಕೊಳ್ಳುತ್ತಾರೆ. ಚಹಾದ ಬೆಲೆ ಇಳಿದದ್ದೇ ಇಲ್ಲಿ ಅಪಾಯ.

ಬಯಲುಸೀಮೆ:
ಮೇಷ್ಟ್ರೇ, ಸಂಬಳದ ವಿಷಯ ಒಪ್ಪುವಂಥದ್ದು. ಆದರೂ ಒಂದು ಕೇಳುತ್ತೇನೆ. ಬ್ರಿಟನ್ ಫ್ರೆಂಚರ ಜೊತೆ ಏಳು ವರ್ಷ ಯುದ್ಧ ಮಾಡಿತು. ಅದರಿಂದ ಈ ವಸಾಹತುಗಳಿಗೂ ರಕ್ಷಣೆ ಸಿಕ್ಕಿತು. 1763ರಲ್ಲಿ ಯುದ್ಧ ಮುಗಿದಾಗ ಬ್ರಿಟನ್ನಿನ ಸಾಲ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ಆ ಖರ್ಚಿನಲ್ಲಿ ಇವರೂ ಒಂದು ಪಾಲು ಹೊರಬೇಕು ಎಂದದ್ದು ಅನ್ಯಾಯವೇ?

ಹೈಸ್ಕೂಲ್ ಮೇಷ್ಟ್ರು:
ಪಾಲು ಕೇಳುವುದು ಅನ್ಯಾಯ ಅಲ್ಲ. ಕೇಳಿದ ರೀತಿ ನೋಡಿ. ವಸಾಹತುಗಳಿಗೆ ತಮ್ಮದೇ ಸಭೆಗಳಿದ್ದವು, ಅವು ಯುದ್ಧಕ್ಕೆ ಹಣ ಕೊಟ್ಟಿದ್ದವು, ಸೈನಿಕರನ್ನೂ ಕಳಿಸಿದ್ದವು. ಆ ಸಭೆಗಳನ್ನು ಬದಿಗಿಟ್ಟು, ಇವರ ಒಬ್ಬ ಪ್ರತಿನಿಧಿಯೂ ಇಲ್ಲದ ಪಾರ್ಲಿಮೆಂಟ್ 1764ರಲ್ಲಿ ಸಕ್ಕರೆ ಕಾಯ್ದೆ ಮಾಡಿತು. 1765ರಲ್ಲಿ ಸ್ಟಾಂಪ್ ಕಾಯ್ದೆ, ಅಂದರೆ ಕಾಗದಪತ್ರಗಳ ಮೇಲಿನ ತೆರಿಗೆ. ಗಲಾಟೆಯಾಗಿ 1766ರಲ್ಲಿ ಅದನ್ನು ವಾಪಸ್ ತೆಗೆದರು. ತೆಗೆಯುವಾಗಲೇ, ನಿಮ್ಮ ಮೇಲೆ ಯಾವ ಕಾನೂನನ್ನಾದರೂ ಮಾಡುವ ಹಕ್ಕು ನಮಗಿದೆ ಎಂದು ಇನ್ನೊಂದು ಕಾಯ್ದೆ ಬರೆದಿಟ್ಟರು. 1767ರಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಟೌನ್‌ಶೆಂಡ್ ಗಾಜು, ಸೀಸ, ಬಣ್ಣ, ಕಾಗದ, ಚಹಾ ಇವುಗಳ ಮೇಲೆ ಸುಂಕ ಹಾಕಿದ. 1770ರಲ್ಲಿ ಎಲ್ಲ ತೆಗೆದು ಚಹಾದ ಸುಂಕ ಒಂದನ್ನು ಮಾತ್ರ ಉಳಿಸಿಕೊಂಡರು. ಹಕ್ಕು ನಮ್ಮದೇ ಎಂದು ತೋರಿಸಲು ಉಳಿಸಿದ್ದು ಅದು.

1773ರಲ್ಲಿ ಕಂಪನಿಯವರೇ ಆ 3 ಪೆನ್ಸ್ ತೆಗೆಯಿರಿ ಎಂದು ಕೇಳಿದ್ದರು. ಸುಂಕ ತೆಗೆಯದಿದ್ದರೆ ಅಮೆರಿಕದವರು ಚಹಾ ಮುಟ್ಟುವುದಿಲ್ಲ ಎಂದು ಡೌಡ್ಸ್‌ವೆಲ್ ಎಂಬ ಸದಸ್ಯ ಪಾರ್ಲಿಮೆಂಟಿನಲ್ಲೇ ಎಚ್ಚರಿಸಿದ. ಪ್ರಧಾನಿ ಲಾರ್ಡ್ ನಾರ್ತ್ ಕೇಳಲಿಲ್ಲ. ಅಷ್ಟು ಸಣ್ಣ ಮೊತ್ತವನ್ನು ಬಿಡಲು ಅವನೂ ಸಿದ್ಧನಿರಲಿಲ್ಲ, ಕೊಡಲು ಇವರೂ ಸಿದ್ಧರಿರಲಿಲ್ಲ. ಜಗಳ ದುಡ್ಡಿನದಾಗಿದ್ದರೆ ಅಲ್ಲೇ ಮುಗಿಯುತ್ತಿತ್ತು, ಅಲ್ವಾ?

ಬೋಸ್ಟನ್ ಕನ್ನಡತಿ:
ನಾನು ಇದೇ ಊರಿನಲ್ಲಿ ಇರುವುದರಿಂದ ಆ ಇಪ್ಪತ್ತು ದಿನಗಳ ಬಗ್ಗೆ ಸ್ವಲ್ಪ ಬರೆಯುತ್ತೇನೆ. ಅದು ಗೊತ್ತಾಗದೆ ಆ ರಾತ್ರಿ ಯಾಕೆ ಬಂತು ಎಂದು ಅರ್ಥವಾಗುವುದಿಲ್ಲ.

ಕಂಪನಿ ನಾಲ್ಕು ಊರಿಗೆ ಚಹಾ ಕಳಿಸಿತ್ತು. ಬೋಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಚಾರ್ಲ್ಸ್‌ಟನ್. ಉಳಿದ ಮೂರು ಊರುಗಳಲ್ಲಿ ಜನರ ಒತ್ತಡಕ್ಕೆ ಏಜೆಂಟರು ರಾಜೀನಾಮೆ ಕೊಟ್ಟರು. ಫಿಲಡೆಲ್ಫಿಯಾಕ್ಕೆ ಬಂದ ಪಾಲಿ ಎಂಬ ಹಡಗು ಮಾಲು ಇಳಿಸದೆ ಹಾಗೇ ತಿರುಗಿ ಹೋಯಿತು. ಬೋಸ್ಟನ್‌ನಲ್ಲಿ ಮಾತ್ರ ಏಜೆಂಟರು ಜಗ್ಗಲಿಲ್ಲ. ಗವರ್ನರನ ಬೆಂಬಲ ಇತ್ತಲ್ಲ.

ಡಾರ್ಟ್‌ಮತ್ ಹಡಗು 1773ರ ನವೆಂಬರ್ 28ರಂದು ಬಂತು. ಬಂದ 20 ದಿನದೊಳಗೆ ಸುಂಕ ಕಟ್ಟಿ ಮಾಲು ಇಳಿಸದಿದ್ದರೆ ಸುಂಕದ ಅಧಿಕಾರಿಗಳು ಅದನ್ನು ಜಪ್ತಿ ಮಾಡಬಹುದು ಎಂಬುದು ಕಾನೂನು. ಜಪ್ತಿ ಮಾಡಿದ ಚಹಾ ಕೊನೆಗೆ ಮಾರಾಟವಾಗಿಯೇ ಆಗುತ್ತದೆ, ಸುಂಕವೂ ವಸೂಲಾಗುತ್ತದೆ. ಹಾಗಾಗಿ ಊರಿನವರು ಕೇಳಿದ್ದು ಒಂದೇ, ಹಡಗು ವಾಪಸ್ ಹೋಗಲಿ. ಸುಂಕ ಕಟ್ಟದೆ ಸುಂಕದ ಕಚೇರಿಯವರು ಬಿಡುವುದಿಲ್ಲ. ಅವರ ಚೀಟಿ ಇಲ್ಲದೆ ಗವರ್ನರ್ ರಹದಾರಿ ಕೊಡುವುದಿಲ್ಲ. ರಹದಾರಿ ಇಲ್ಲದೆ ಹೊರಟರೆ ಬಂದರಿನ ಬಾಯಲ್ಲಿ ಕೋಟೆಯ ಫಿರಂಗಿಗಳು. ಹಡಗಿನ ಕಡೆಯವನಾದ ಫ್ರಾನ್ಸಿಸ್ ರಾಚ್ ಎಂಬ ಯುವಕ ಈ ಕಚೇರಿ, ಆ ಕಚೇರಿ ಎಂದು ಅಲೆದ. ಈ ನಡುವೆ ಎಲಿನರ್, ಬೀವರ್ ಎಂಬ ಇನ್ನೆರಡು ಹಡಗುಗಳೂ ಬಂದವು. ನಾಲ್ಕನೆಯದು ಕೇಪ್ ಕಾಡ್ ಹತ್ತಿರ ದಡಕ್ಕೆ ಬಡಿದು ನಿಂತಿತು. ರಾತ್ರಿ ಗುಟ್ಟಾಗಿ ಮಾಲು ಇಳಿಸದಂತೆ ಊರಿನವರೇ ಹಡಗುಗಳಿಗೆ ಕಾವಲು ಹಾಕಿದ್ದರು.

ಡಿಸೆಂಬರ್ 16 ಗುರುವಾರ. ಗಡುವಿಗೆ ಒಂದೇ ರಾತ್ರಿ ಬಾಕಿ. ಓಲ್ಡ್ ಸೌತ್ ಸಭಾಮಂದಿರದಲ್ಲಿ ಸುಮಾರು 5 ಸಾವಿರ ಜನ ಸೇರಿದ್ದರು. ಆಗ ಊರಿನ ಒಟ್ಟು ಜನಸಂಖ್ಯೆಯೇ ಸುಮಾರು 16 ಸಾವಿರ. ರಾಚ್‌ನನ್ನು ಕೊನೆಯ ಸಲ ಗವರ್ನರನ ಹತ್ತಿರ ಕಳಿಸಿದರು. ಗವರ್ನರ್ ಊರಾಚೆ ಮಿಲ್ಟನ್‌ನ ತನ್ನ ಮನೆಯಲ್ಲಿದ್ದ. ಕತ್ತಲಾದ ಮೇಲೆ ರಾಚ್ ಬರಿಗೈಲಿ ಬಂದ. ಇನ್ನು ಈ ಸಭೆಯಿಂದ ಆಗುವುದು ಏನೂ ಇಲ್ಲ ಎಂದು ಹೋರಾಟದ ಮುಂದಾಳು ಸ್ಯಾಮ್ಯುಯೆಲ್ ಆಡಮ್ಸ್ ಹೇಳಿದ. ಆಮೇಲೆ ಮುಖಕ್ಕೆ ಮಸಿ ಬಳಿದು, ಕಂಬಳಿ ಹೊದ್ದು, ಅಮೆರಿಕದ ಮೂಲನಿವಾಸಿಗಳಾದ ಮೊಹಾಕ್ ಬುಡಕಟ್ಟಿನವರಂತೆ ವೇಷ ಹಾಕಿದ ಗಂಡಸರು ಗ್ರಿಫಿನ್ ಧಕ್ಕೆಗೆ ನಡೆದರು.

ಮೂರು ಗಂಟೆಯ ಕೆಲಸ. 342 ಪೆಟ್ಟಿಗೆ, 92 ಸಾವಿರ ಪೌಂಡಿಗೂ ಜಾಸ್ತಿ ತೂಕ, ಅಂದರೆ ಸುಮಾರು 42 ಟನ್. ಕಂಪನಿ ಹೇಳಿದ ನಷ್ಟ 9,659 ಪೌಂಡ್. ನೀರು ಇಳಿತದಲ್ಲಿ ಇದ್ದುದರಿಂದ ಚಹಾ ಹಡಗಿನ ಪಕ್ಕದಲ್ಲೇ ಗುಡ್ಡೆ ಬಿತ್ತು, ಅದನ್ನು ತಳ್ಳಿ ತಳ್ಳಿ ನೀರಿಗೆ ಹಾಕಿದರು. ಹಡಗಿನ ಬೇರೆ ಯಾವ ಮಾಲನ್ನೂ ಮುಟ್ಟಲಿಲ್ಲ. ಒಂದು ಬೀಗ ಮುರಿದಿತ್ತು, ಆಮೇಲೆ ಹೊಸ ಬೀಗ ತಂದುಕೊಟ್ಟರು. ಕೋಟಿನೊಳಗೆ ಚಹಾ ತುಂಬಿಕೊಂಡವನನ್ನು ಜೊತೆಯವರೇ ಹಿಡಿದು ಬಟ್ಟೆ ಕಿತ್ತು ಓಡಿಸಿದರು. ನನಗೆ ಈ ಶಿಸ್ತೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಬಯಲುಸೀಮೆಯವರು ಹೇಳಿದಂತೆ ವ್ಯಾಪಾರಿಗಳು ಹಿಂದೆ ಇದ್ದಿರಬಹುದು. ಆದರೆ ಹಡಗು ಹತ್ತಿದವರಲ್ಲಿ ಬಡಗಿಗಳು, ಚಮ್ಮಾರರು, ಕೆಲಸ ಕಲಿಯುತ್ತಿದ್ದ ಹುಡುಗರು ಜಾಸ್ತಿ. ಅವರಿಗೆ ಚಹಾ ವ್ಯಾಪಾರದಲ್ಲಿ ಯಾವ ಲಾಭವೂ ಇರಲಿಲ್ಲ.

ಗ್ರಿಫಿನ್ ಧಕ್ಕೆ ಈಗ ಇಲ್ಲ. ಆ ಭಾಗದ ಸಮುದ್ರವನ್ನೇ ಮಣ್ಣು ತುಂಬಿಸಿ ಊರು ಮಾಡಿದ್ದಾರೆ. ಓಲ್ಡ್ ಸೌತ್ ಇನ್ನೂ ನಿಂತಿದೆ, ಬಂದರೆ ಖಂಡಿತ ನೋಡಿ.

ಸುಳ್ಯದವಳು:
ಅಕ್ಕಾ, ತುಂಬಾ ಚೆನ್ನಾಗಿ ಬರೆದಿದ್ದೀರಿ. ಆದರೆ ಆ ಮೊಹಾಕ್ ವೇಷದ ವಿಷಯ ನನಗೆ ಚುಚ್ಚುತ್ತದೆ. ಯಾರ ನೆಲ ಕಿತ್ತುಕೊಂಡು ಊರು ಕಟ್ಟಿದರೋ ಅವರ ವೇಷವನ್ನೇ ಹಾಕಿಕೊಂಡು ಸ್ವಾತಂತ್ರ್ಯ ಕೇಳುವುದು. ಗುಲಾಮರ ಕಥೆಯೂ ಅಷ್ಟೇ. ಆ ಊರಿನಲ್ಲಿ ಗುಲಾಮರು ಇದ್ದರಲ್ಲ?

ಬೋಸ್ಟನ್ ಕನ್ನಡತಿ:
ಇದ್ದರು. ಅದೇ 1773ರ ಜನವರಿಯಲ್ಲಿ ಗುಲಾಮರು ತಮ್ಮ ಬಿಡುಗಡೆ ಕೇಳಿ ಗವರ್ನರನಿಗೂ ಶಾಸನಸಭೆಗೂ ಅರ್ಜಿ ಕೊಟ್ಟಿದ್ದರು. ಫಲ ಸಿಗಲಿಲ್ಲ. ಇನ್ನೊಂದು ಸಂಗತಿ ಕೇಳು. ಚಹಾ ತಂದ ಆ ಡಾರ್ಟ್‌ಮತ್ ಹಡಗಿನಲ್ಲೇ ಫಿಲಿಸ್ ವ್ಹೀಟ್ಲಿ ಎಂಬ ಹೆಣ್ಣುಮಗಳ ಕವನ ಸಂಕಲನದ ಪ್ರತಿಗಳೂ ಲಂಡನ್ನಿನಿಂದ ಬಂದವು. ಅವಳನ್ನು ಸಣ್ಣ ಮಗುವಿದ್ದಾಗ ಆಫ್ರಿಕಾದಿಂದ ತಂದು ಬೋಸ್ಟನ್‌ನಲ್ಲಿ ಮಾರಿದ್ದರು. ಅವಳ ಪುಸ್ತಕಗಳಿಗೆ ಏನೂ ಆಗಲಿಲ್ಲ. ಈ ಹೋರಾಟವನ್ನು ಮೆಚ್ಚುವವರು ಅವಳ ಕಥೆಯನ್ನೂ ಜೊತೆಗೇ ಓದಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸುಳ್ಯದವಳು:
ಓದುತ್ತೇನೆ ಅಕ್ಕಾ. ನಮ್ಮ ಕಡೆಯ 1837ರ ದಂಗೆ ನೆನಪಾಯಿತು, ಅದಕ್ಕೆ ಬರೆಯುತ್ತಿದ್ದೇನೆ. 1834ರಲ್ಲಿ ಕಂಪನಿ ಕೊಡಗನ್ನು ನುಂಗಿ ಅಮರ ಸುಳ್ಯ, ಪುತ್ತೂರು ಕಡೆಯ ಊರುಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಕೊಡಗಿನ ಅರಸರಿಗೆ ರೈತರು ಕಂದಾಯವನ್ನು ಬೆಳೆಯ ರೂಪದಲ್ಲೇ ಕೊಡುತ್ತಿದ್ದರು. ಕಂಪನಿ ನಗದು ಕೇಳಿತು. ಕೈಯಲ್ಲಿ ಭತ್ತ ಇದ್ದವನು ದುಡ್ಡಿಗಾಗಿ ಸಾಹುಕಾರನ ಮನೆ ಬಾಗಿಲಿಗೆ ಹೋಗಬೇಕಾಯಿತು. ಉಪ್ಪು, ಹೊಗೆಸೊಪ್ಪಿನ ವ್ಯಾಪಾರವೂ ಕಂಪನಿಯ ಮುಷ್ಟಿಯಲ್ಲೇ ಇತ್ತು. ದಂಗೆ ಎದ್ದವರು ಮಂಗಳೂರಿನ ತನಕ ಹೋಗಿ ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಹಾರಿಸಿದರು. ಕಂಪನಿ ಅದನ್ನು ತುಳಿದುಹಾಕಿ ಮುಂದಾಳುಗಳನ್ನು ಗಲ್ಲಿಗೇರಿಸಿತು. ಬೋಸ್ಟನ್‌ನಲ್ಲಿ ಚಹಾ, ನಮ್ಮಲ್ಲಿ ಉಪ್ಪು ಮತ್ತು ಹೊಗೆಸೊಪ್ಪು. ಮಾರುವವನು ಅದೇ ಕಂಪನಿ.

ಲೆಕ್ಕಪತ್ರ:
ಇದಕ್ಕೇ ಒಂದು ಬೇರೆ ಚರ್ಚೆ ಶುರುಮಾಡಿ ತಾಯಿ. ನಗದು ಕಂದಾಯದ ವಿಷಯದಲ್ಲಿ ಹೇಳುವುದು ಬಹಳ ಇದೆ.

ಬಯಲುಸೀಮೆ:
ಚರ್ಚೆ ಚೆನ್ನಾಗಿದೆ. ನನ್ನ ಕೊನೆಯ ಆಕ್ಷೇಪ ಒಂದಿದೆ. ಎಷ್ಟೇ ಶಿಸ್ತಿನಿಂದ ಮಾಡಿದರೂ ಅದು ಬೇರೆಯವರ ಆಸ್ತಿ. ಅದನ್ನು ನಾಶ ಮಾಡಿದ್ದು ಸರಿ ಎಂದು ಮಕ್ಕಳಿಗೆ ಹೇಗೆ ಹೇಳುವುದು?

ಹೈಸ್ಕೂಲ್ ಮೇಷ್ಟ್ರು:
ಆ ಪ್ರಶ್ನೆ ಆಗಲೇ ಎದ್ದಿತ್ತು. ಬೆಂಜಮಿನ್ ಫ್ರಾಂಕ್ಲಿನ್ ವಸಾಹತುಗಳ ಪರವಾಗಿ ಲಂಡನ್ನಿನಲ್ಲಿದ್ದ, ಚಹಾದ ಬೆಲೆ ಕಟ್ಟಿಕೊಡಿ ಎಂದು ತನ್ನ ಕಡೆಯವರಿಗೇ ಬರೆದ. ಜಾರ್ಜ್ ವಾಷಿಂಗ್ಟನ್ ಕೂಡ ಚಹಾ ಹಾಳು ಮಾಡಿದ್ದನ್ನು ಮೆಚ್ಚಲಿಲ್ಲ. ನಾನು ಮಕ್ಕಳಿಗೆ ಇದನ್ನೂ ಹೇಳುತ್ತೇನೆ, ಬ್ರಿಟನ್ ಕೊಟ್ಟ ಶಿಕ್ಷೆಯನ್ನೂ ಹೇಳುತ್ತೇನೆ. ಚಹಾ ಎಸೆದವರು ಯಾರೆಂದು ಹುಡುಕಿ ವಿಚಾರಣೆ ಮಾಡಬಹುದಿತ್ತು. ಅದರ ಬದಲು 1774ರ ಜೂನ್ 1ರಿಂದ ಇಡೀ ಬಂದರನ್ನೇ ಮುಚ್ಚಿದರು, ಚಹಾದ ಹಣ ಕಟ್ಟುವ ತನಕ ತೆರೆಯುವುದಿಲ್ಲ ಎಂದರು. ಬಂದರು ನಂಬಿ ಬದುಕುತ್ತಿದ್ದ ಊರು ಅದು. ತಪ್ಪು ಮಾಡಿದವನೂ, ಮಾಡದವನೂ ಒಟ್ಟಿಗೆ ಉಪವಾಸ ಬೀಳಬೇಕಿತ್ತು. ಗವರ್ನರನ ಅನುಮತಿ ಇಲ್ಲದೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಊರ ಸಭೆ ಸೇರಬಾರದು ಎಂಬ ಕಾನೂನೂ ಬಂತು.

ಬೇರೆ ವಸಾಹತುಗಳು ಬೋಸ್ಟನ್‌ನ ಕೈ ಹಿಡಿದದ್ದು ಚಹಾ ಎಸೆದದ್ದಕ್ಕಲ್ಲ, ಈ ಶಿಕ್ಷೆ ನೋಡಿ. ದಕ್ಷಿಣ ಕೆರೊಲಿನಾದಿಂದ ಅಕ್ಕಿ ಬಂತು, ಕನೆಕ್ಟಿಕಟ್‌ನಿಂದ ಕುರಿಗಳನ್ನು ಹೊಡೆದುಕೊಂಡು ಬಂದರು. ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ವಸಾಹತುಗಳ ಒಟ್ಟು ಸಭೆಯಾದ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್ ಸೇರಿತು. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್‌ನಲ್ಲಿ ಗುಂಡು ಹಾರಿತು, ಸ್ವಾತಂತ್ರ್ಯ ಯುದ್ಧ ಶುರುವಾಯಿತು. ಆಸ್ತಿ ನಾಶ ತಪ್ಪೋ ಸರಿಯೋ, ಮಕ್ಕಳೇ ವಾದ ಮಾಡಲಿ. ನನ್ನ ತರಗತಿಯಲ್ಲಿ ಈ ಪಾಠಕ್ಕೆ ಆಗುವಷ್ಟು ಜೋರು ವಾದ ಬೇರೆ ಯಾವ ಪಾಠಕ್ಕೂ ಆಗುವುದಿಲ್ಲ.

ಶ್ರೀರಂಗಪಟ್ಟಣದವ:
ಯುದ್ಧದ ಮಾತು ಬಂತಲ್ಲ, ಎರಡು ಸಂಗತಿ ಹೇಳುತ್ತೇನೆ. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಜನರಲ್ ಮಂಕ್ ಹಡಗನ್ನು ಸೆರೆಹಿಡಿದ ಅಮೆರಿಕದ ಪೆನ್ಸಿಲ್ವೇನಿಯಾದ ಹಡಗಿನ ಹೆಸರೇ ಹೈದರ್ ಅಲಿ. ಅದರ ನಾಯಕ ಜೋಶುವಾ ಬಾರ್ನಿ. ನಮ್ಮ ಶತ್ರುವಿನ ಶತ್ರು ಎಂದು ಅಮೆರಿಕದವರು ಮೈಸೂರಿನ ಕಡೆ ನೋಡುತ್ತಿದ್ದರು. ಇನ್ನೊಂದು, 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕದವರಿಗೆ ಸೋತು ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡ. ಅಮೆರಿಕವನ್ನು ಕಳೆದುಕೊಂಡ ಮೇಲೆ ಬ್ರಿಟಿಷರ ಕಣ್ಣು ಪೂರ್ತಿ ಇಲ್ಲಿ ನೆಟ್ಟಿತು. ಇದನ್ನು ಓದುವಾಗ ನನಗೆ ಸಂಕಟ ಆಗುತ್ತದೆ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಕೇಳಿದ್ದಕ್ಕಿಂತ ಎಷ್ಟೋ ಜಾಸ್ತಿ ಸಿಕ್ಕಿತು. ಒಂದೇ ಒಂದು ಉಳಿದಿದೆ. ನಾಲ್ಕು ಊರಿಗೆ ಚಹಾ ಹೋಯಿತು ಎಂದಿರಿ. ಚಾರ್ಲ್ಸ್‌ಟನ್‌ಗೆ ಹೋದದ್ದು ಏನಾಯಿತು?

ಬೋಸ್ಟನ್ ಕನ್ನಡತಿ:
ಅಲ್ಲಿ 20 ದಿನ ಮುಗಿದ ಮೇಲೆ ಸುಂಕದ ಅಧಿಕಾರಿಗಳು ಚಹಾವನ್ನು ಜಪ್ತಿ ಮಾಡಿ ಎಕ್ಸ್‌ಚೇಂಜ್ ಕಟ್ಟಡದ ನೆಲಮಾಳಿಗೆಯಲ್ಲಿ ಇಟ್ಟರು. ಮಾರುವ ಧೈರ್ಯ ಯಾರಿಗೂ ಆಗಲಿಲ್ಲ. 1776ರಲ್ಲಿ ಹೋರಾಟಗಾರರೇ ಅದನ್ನು ಹೊರತೆಗೆದು ಮಾರಿ, ಬಂದ ಹಣವನ್ನು ಬ್ರಿಟಿಷರ ವಿರುದ್ಧದ ಹೋರಾಟಕ್ಕೆ ಹಾಕಿಕೊಂಡರು.